ಐದು ಸ್ಪೀಕರ್, ಒಬ್ಬ ಅತ್ತೆ

“ಈ ಭಾನುವಾರದೊಳಗೆ ಈ ಹಳೇ ಡಬ್ಬ ಮನೆಯಿಂದ ಹೊರಗೆ ಹೋಗಲಿಲ್ಲ ಅಂದ್ರೆ, ನನ್ನ ಎರಡೂ ಕಿವಿ ಕಿತ್ತು ನಿಮ್ಮ ಕೈಗೆ ಕೊಡ್ತೀನಿ” ಎಂದು ಕನ್ನಡಕದ ಅಂಗಡಿಯ ಯಜಮಾನರು ಬೆಳಗಿನ ಕಾಫಿ ಹೀರುತ್ತಾ ಘೋಷಿಸಿದರು. ಆ ಕಿವಿಗಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಹೊಳೆಯದ ಕಾರಣ ಮನೆಯವರು ಯಾರೂ ತಲೆಯೆತ್ತಲಿಲ್ಲ. ಹೆಂಡತಿ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು, ಮಗಳು ಒಂದು ಕಾಲಿನ ಶೂ ಹುಡುಕುತ್ತಿದ್ದಳು, ಹೆಂಡತಿಯ ತಾಯಿ, ಅಂದರೆ ಅತ್ತೆ, ಪೇಪರಿನ ಹಿಂದೆ ಇದ್ದರು. ಘೋಷಣೆ ಗೋಡೆಗೆ ಬಡಿದು ಯಜಮಾನರ ಹತ್ತಿರವೇ ವಾಪಸ್ಸು ಬಂತು.

ಹಳೇ ಡಬ್ಬ ಎಂದರೆ ಟೀವಿಯ ಕೆಳಗಿನ ಗೂಡಿನಲ್ಲಿ ಕೂತಿದ್ದ ರಿಸೀವರ್. ಟೀವಿಯ ಶಬ್ದವನ್ನು ಹಿಡಿದು, ಪಾಲು ಮಾಡಿ, ಕೋಣೆಯ ಸುತ್ತ ಇರುವ ಐದು ಸ್ಪೀಕರುಗಳಿಗೆ ಹಂಚುವುದು ಅದರ ಕೆಲಸ. ಮುಂದೆ ಎಡಕ್ಕೊಂದು, ಬಲಕ್ಕೊಂದು, ಬೆನ್ನ ಹಿಂದೆ ಎರಡು, ಟೀವಿಯ ಕೆಳಗೆ ನಟ್ಟನಡುವೆ ಒಂದು. ಈ ನಡುವಿನದೇ ಮುಖ್ಯ. ಸಿನಿಮಾದವರು ಆಡುವ ಮಾತೆಲ್ಲ ಇದರಿಂದಲೇ ಬರಬೇಕು. ಬರಬೇಕು ಅಷ್ಟೆ, ಬರುತ್ತಿರಲಿಲ್ಲ. ಬಾಂಬು ಸಿಡಿದರೆ ಕಿಟಕಿಯ ಗಾಜು ಅದುರುತ್ತಿತ್ತು. ಕುದುರೆ ಓಡಿದರೆ ಸೋಫಾದ ಹಿಂದಿನಿಂದಲೇ ಹಾದುಹೋದಂತಾಗಿ ಎಲ್ಲರೂ ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಆದರೆ ನಾಯಕ ಮಂಡಿಯೂರಿ ಏನೋ ಹೇಳಿದ, ನಾಯಕಿ ಅಳುತ್ತಾ ಏನೋ ಅಂದಳು, ಅಷ್ಟೇ. ಆ ಏನೋ ಎಂಬುದು ಪಕ್ಕದ ಮನೆಯಲ್ಲಿ ಯಾರೋ ಗುಟ್ಟು ಹೇಳಿಕೊಂಡಂತೆ ಕೇಳುತ್ತಿತ್ತು.

ಶಬ್ದದ ವಿಷಯದಲ್ಲಿ ಯಜಮಾನರು ತಮ್ಮನ್ನು ತಾವೇ ತಜ್ಞರ ಹುದ್ದೆಗೆ ನೇಮಿಸಿಕೊಂಡಿದ್ದರು. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ “ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?” ಎಂದು ಕೇಳುವವರಿಗೆ ಕಣ್ಣಿನ ಬಗ್ಗೆ ಗೊತ್ತಿರುವುದು ಸಹಜ. ಕಿವಿಯ ಬಗ್ಗೆ ಹೇಗೆ ಗೊತ್ತಾಯಿತೆಂದರೆ, ಕನ್ನಡಕದ ಕಡ್ಡಿ ಕೂರುವುದು ಕಿವಿಯ ಮೇಲೆಯೇ ಅಲ್ಲವೇ! ಸಿನಿಮಾ ಶುರುವಾದರೆ ಅವರು ಪರದೆ ನೋಡುತ್ತಿದ್ದುದೇ ಕಡಿಮೆ. ಹಿಂದಿನ ಎಡಗಡೆ ಸ್ಪೀಕರಿನಲ್ಲಿ ಈಗೊಂದು ಎಲೆ ಉದುರಿತು, ಬಲಗಡೆಯದರಲ್ಲಿ ಬಾಗಿಲ ಚಿಲಕ ಅಲ್ಲಾಡಿತು ಎಂದು ಉಳಿದವರಿಗೆ ತಿಳಿಸಿಕೊಡುವುದೇ ಅವರ ಮನರಂಜನೆ. ಎಲೆ ಉದುರಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು, ಕೊಲೆ ಮಾಡಿದ್ದು ಯಾರೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಆದರೂ ಆ ಮನೆಯಲ್ಲಿ ಕಥೆ ಅರ್ಥವಾಗದೆ ಯಾರೂ ಎದ್ದು ಹೋದದ್ದಿಲ್ಲ. ಅದಕ್ಕೆ ಕಾರಣ ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ದೂರದೂರಿನ ಕರೆ ಎಂದರೆ ಗಾಳಿ, ಗೊರಗೊರ, ನಡುವೆಲ್ಲೋ ಒಂದು ಸಣ್ಣ ದನಿ ಇದ್ದ ಕಾಲ ಅದು. ಆ ಕಡೆಯವರು ಅಂದದ್ದು ಈ ಕಡೆಯವರಿಗೆ ಕೇಳದೆ ಹೋದಾಗ, ನಡುವೆ ಕೂತ ಆಪರೇಟರೇ ಅದನ್ನು ಹಿಡಿದು ಬಿಡಿಸಿ ಹೇಳಿ ದಾಟಿಸಬೇಕಾಗಿತ್ತು. ಅಂಥ ಕಿವಿಯಿರುವ ಅತ್ತೆಗೆ ಸಿನಿಮಾದವರ ಗೊಣಗಾಟ ಯಾವ ಲೆಕ್ಕ? ಸೋಫಾದ ನಟ್ಟನಡುವೆ ಬೆನ್ನು ನೇರ ಮಾಡಿ ಕೂತು, ಕಚೇರಿಯ ದನಿಯಲ್ಲಿ ಎಲ್ಲವನ್ನೂ ದಾಟಿಸುತ್ತಿದ್ದರು.

“ಆ ಕಡೆಯವರು, ನನ್ನ ಮೇಲೆ ಇನ್ನೂ ಪ್ರೀತಿ ಇದೆಯಾ ಅಂತ ಕೇಳ್ತಿದ್ದಾರೆ. ಈ ಕಡೆಯವರು, ಯೋಚನೆ ಮಾಡಿ ಹೇಳ್ತೀನಿ ಅಂತಿದ್ದಾರೆ.”

ಕರೆ ಚಿಕ್ಕದಾಗಿರಬೇಕೆಂದು ಕಲಿತವರಾದ್ದರಿಂದ ಅವರಲ್ಲಿ ಉದ್ದ ಮಾತಿಗೆ ಜಾಗವಿರಲಿಲ್ಲ. ಖಳನಾಯಕ ಬೆಟ್ಟದ ಮೇಲೆ ನಿಂತು ಗಂಟಲು ಹರಿಯುವಂತೆ ಗುಡುಗಿದರೆ “ಕೊಲ್ತಾರಂತೆ” ಎಂದು ಮುಗಿಸುತ್ತಿದ್ದರು. ಬೈಗುಳ ಬಂದರೆ “ಏನೋ ಅಂದರು, ಅದು ನಿಮಗೆ ಬೇಡ” ಎನ್ನುತ್ತಿದ್ದರು. ಗುಂಡು ತಗುಲಿ ಯಾರಾದರೂ ಉರುಳಿಬಿದ್ದರೆ “ಲೈನ್ ಕಟ್ ಆಯ್ತು” ಎಂದು ನಿಟ್ಟುಸಿರು ಬಿಡುತ್ತಿದ್ದರು. ಇದನ್ನು ಕೇಳುವುದಕ್ಕೆಂದೇ ಕೆಳಗಿನ ಮನೆಯ ಟೈಲರ್ ಮತ್ತು ಅವರ ಹೆಂಡತಿ ಪ್ರತಿ ಭಾನುವಾರ ಸಂಜೆ ತಮ್ಮ ಕುರ್ಚಿಗಳನ್ನು ತಾವೇ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಮನೆಯಲ್ಲೂ ಟೀವಿ ಇತ್ತು, ಅದರಲ್ಲಿ ಮಾತೂ ಚೆನ್ನಾಗಿ ಕೇಳುತ್ತಿತ್ತು. ಹಾಗಿದ್ದೂ ಅವರು ಬರುವುದು ತಮ್ಮ ಐದು ಸ್ಪೀಕರುಗಳ ಮೋಹದಿಂದ ಎಂದು ಯಜಮಾನರು ನಂಬಿದ್ದರು. ಅವರ ಆ ನಂಬಿಕೆಯನ್ನು ಕೆಡಿಸುವಷ್ಟು ಕಠಿಣ ಹೃದಯದವರು ಅಲ್ಲಿ ಯಾರೂ ಇರಲಿಲ್ಲ.

ಡಬ್ಬ ಬದಲಾಯಿಸುವ ಮಾತನ್ನು ಹೆಂಡತಿ ಆ ದಿನ ಸಂಜೆಯೇ ವಿಚಾರಣೆಗೆ ತೆಗೆದುಕೊಂಡಳು. ಆಕೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಿಪೋರ್ಟ್ ಕೈಗೆ ಬರುವ ತನಕ ಯಾರಿಗೂ ಯಾವ ಕಾಯಿಲೆಯೂ ಇಲ್ಲ ಎಂಬುದು ಆಕೆಯ ಸಿದ್ಧಾಂತ.

“ಏನಾಗಿದೆ ಅದಕ್ಕೆ?”

“ವಯಸ್ಸಾಗಿದೆ ಕಣೆ. ಬಾಯಿಂದ ಮಾತೇ ಹೊರಡ್ತಿಲ್ಲ.”

“ವಯಸ್ಸಾಯ್ತು ಅಂತ ಹೊರಗೆ ಹಾಕೋದಾದ್ರೆ ಮುಂದಿನ ಸರದಿ ನಿಮ್ಮದೇ. ನೋಡ್ಕೊಳ್ಳಿ.”

ಯಜಮಾನರು ಅಲ್ಲಿಗೆ ಬಿಡುವವರಲ್ಲ. ಹೊಸ ಕಾಲದ ಯಂತ್ರಗಳ ಗುಣಗಾನ ಮಾಡಿದರು, ಮನುಷ್ಯನ ಕಿವಿಯ ಘನತೆಯ ಬಗ್ಗೆ ಭಾಷಣ ಕೊಟ್ಟರು, ಪ್ರತಿ ವಾಕ್ಯವನ್ನೂ ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡು ಸಿನಿಮಾ ನೋಡುವುದು ತಮ್ಮಂಥ ತಜ್ಞನಿಗೆ ಎಂಥ ಅವಮಾನವೆಂದು ಕಣ್ಣಲ್ಲಿ ನೀರು ತರಿಸಿಕೊಳ್ಳಲು ಪ್ರಯತ್ನಿಸಿದರು. ನೀರು ಬರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಅವರ ಹತ್ತಿರವೇ ಕನ್ನಡಕ ಮಾಡಿಸಿಕೊಂಡಿದ್ದ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಹೊಸ ರಿಸೀವರ್ ಒಂದನ್ನು ಮನೆಗೆ ಒಯ್ದು ನೋಡಿ ಎಂದಿದ್ದರು. ಅದನ್ನು ತಂದು ಜೋಡಿಸುವುದು; ಭಾನುವಾರ ಅತ್ತೆಯ ಸಹಾಯವಿಲ್ಲದೆ ಎಲ್ಲರಿಗೂ ಮಾತು ಕೇಳಿಸಿದರೆ ಹಳೆಯದು ಗುಜರಿಗೆ; ಕೇಳಿಸದಿದ್ದರೆ ಯಜಮಾನರು ಈ ಜನ್ಮದಲ್ಲಿ ರಿಸೀವರ್ ಎಂಬ ಮಾತೆತ್ತಬಾರದು.

ಅತ್ತೆ ಇಷ್ಟನ್ನೂ ಕೇಳಿಸಿಕೊಂಡಿದ್ದರು. ಅವರಿಗೆ ಕೇಳಿಸದ್ದು ಯಾವುದಿತ್ತು!

“ಹಾಗಾದ್ರೆ ಭಾನುವಾರದಿಂದ ನಾನು ಬೇಡ” ಎಂದರು.

“ಛೆ, ಹಾಗಲ್ಲ ಅತ್ತೆ. ನಿಮಗೆ ಇನ್ನು ಆರಾಮ. ಹಾಯಾಗಿ ಕೂತು ನೋಡಿ, ಅಷ್ಟೇ.”

“ಎಕ್ಸ್‌ಚೇಂಜಿಗೆ ಮಿಷಿನ್ ತಂದಾಗ ನಮ್ಮ ಸಾಹೇಬರೂ ಇದನ್ನೇ ಅಂದಿದ್ರು.” ಅತ್ತೆ ಪೇಪರನ್ನು ಮತ್ತೆ ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಬಹಳ ಹೊತ್ತು ಪುಟ ಮಗುಚಿದ ಸದ್ದು ಬರಲಿಲ್ಲ. ಯಾವ ಮೂಲೆಯಲ್ಲಿ ಎಲೆ ಉದುರಿದರೂ ಕೇಳುವ ಯಜಮಾನರ ಕಿವಿಗೆ ಇದು ಮಾತ್ರ ಬೀಳಲಿಲ್ಲ.

ಶನಿವಾರ ಹೊಸ ರಿಸೀವರ್ ಬಂತು. ಕರಿ ಬಣ್ಣ, ಮುಂದೆ ಒಂದೇ ಒಂದು ಗುಂಡಿ, ಹಿಂದೆ ಮಾತ್ರ ಜೇನುಗೂಡಿನಂತೆ ತೂತುಗಳು. ಯಜಮಾನರು ಹಳೆಯದನ್ನು ಎಳೆದು ಪಕ್ಕಕ್ಕಿಟ್ಟು, ಟೀವಿಯ ಹಿಂದೆ ತಲೆ ತೂರಿಸಿದರು. ಮುಂದಿನ ಎರಡು ಗಂಟೆ ಮನೆಯವರು ಅವರ ಹಿಂಭಾಗವನ್ನು ಮಾತ್ರ ನೋಡಿದರು. ಯಾವ ತಂತಿ ಯಾವುದರದೆಂದು ಗುರುತಿಡಲು ಮಗಳು ಚೀಟಿ ಅಂಟಿಸೋಣ ಎಂದಿದ್ದಳು. ಇಷ್ಟಕ್ಕೆಲ್ಲ ಚೀಟಿ ಬೇಕಿಲ್ಲ ಎಂದು ಅವರು ಅಂದಿದ್ದರು. ಆದ್ದರಿಂದ ಮೊದಲ ಸಲ ಚಾಲೂ ಮಾಡಿದಾಗ ವಾರ್ತೆ ಓದುವವನು ಬೆನ್ನ ಹಿಂದಿನ ಕಿಟಕಿಯಿಂದ ಮಾತಾಡಿದ, ಎರಡನೇ ಸಲ ಯಾರೂ ಮಾತಾಡಲಿಲ್ಲ. ಮೂರನೇ ಸಲಕ್ಕೆ ಎಲ್ಲರೂ ಅವರವರ ಜಾಗಕ್ಕೆ ಬಂದರು. ಯಜಮಾನರು ತಲೆಯ ಮೇಲಿನ ಜೇಡರ ಬಲೆಯನ್ನು ಕಿರೀಟದಂತೆ ಧರಿಸಿಕೊಂಡೇ ಎದ್ದು ನಿಂತು, ಈಗ ಅಳತೆ ಎಂದರು.

ಇಂಥ ಯಂತ್ರಗಳಿಗೆ ಮೊದಲು ಕೋಣೆಯ ಪರಿಚಯ ಮಾಡಿಸಬೇಕು. ಅದರ ಜೊತೆಗೆ ಬರುವ ಸಣ್ಣ ಮೈಕನ್ನು, ನೋಡುವವರ ಕಿವಿ ಇರುವ ಎತ್ತರಕ್ಕೆ, ಸೋಫಾದ ನಡುವೆ ನಿಲ್ಲಿಸಬೇಕು. ಯಂತ್ರ ಒಂದೊಂದೇ ಸ್ಪೀಕರಿನಿಂದ ಟ್ರಿಣ್ ಎಂಬ ಸದ್ದು ಕಳಿಸುತ್ತದೆ. ಮೈಕಿಗೆ ಅದೆಷ್ಟು ಜೋರಾಗಿ ಕೇಳಿಸಿತೆಂದು ನೋಡಿ, ಹೆಚ್ಚಿದ್ದುದನ್ನು ಇಳಿಸಿ, ಕಡಿಮೆಯಿದ್ದುದನ್ನು ಏರಿಸಿ, ಎಲ್ಲವನ್ನೂ ಹದಕ್ಕೆ ತರುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಸಂಪೂರ್ಣ ಮೌನ ಇರಬೇಕು. ಯಜಮಾನರು ಫ್ರಿಜ್ಜಿನ ಸ್ವಿಚ್ಚು ಆರಿಸಿದರು, ಫ್ಯಾನು ನಿಲ್ಲಿಸಿದರು, ಕಿಟಕಿ ಮುಚ್ಚಿದರು, ಮಗಳಿಗೆ ಉಸಿರನ್ನು ಮೆಲ್ಲಗೆ ಬಿಡುವಂತೆ ಸೂಚಿಸಿದರು. ಸೋಫಾದ ನಡುವೆ ಅತ್ತೆ ಕೂತಿದ್ದರು. ಅದು ಅವರ ಜಾಗ, ಅವರು ಏಳಲಿಲ್ಲ. ಮೈಕು ಅವರ ಗಲ್ಲದ ಪಕ್ಕದಲ್ಲೇ ನಿಂತಿತು.

ಎಡಗಡೆಯಿಂದ ಟ್ರಿಣ್. ಅತ್ತೆ ಆ ಕಡೆ ನೋಡಿದರು. ಬಲಗಡೆಯಿಂದ ಟ್ರಿಣ್. ಈ ಕಡೆ ನೋಡಿದರು. ಆಮೇಲೆ ನೇರವಾಗಿ ಎದುರಿನಿಂದ, ಎಕ್ಸ್‌ಚೇಂಜಿನಲ್ಲಿ ಅವರ ಸ್ವಿಚ್‌ಬೋರ್ಡು ಇರುತ್ತಿದ್ದ ಕಡೆಯಿಂದಲೇ, ಟ್ರಿಣ್ ಬಂತು. ಜೀವಮಾನವೆಲ್ಲ ಆ ಸದ್ದಿಗೆ ಉತ್ತರ ಕೊಟ್ಟ ಬಾಯಿ ಯಾರ ಅಪ್ಪಣೆಗೂ ಕಾಯಲಿಲ್ಲ.

“ಹಲೋ, ಎಕ್ಸ್‌ಚೇಂಜ್. ಹೇಳಿ, ಎಲ್ಲಿಗೆ ಬೇಕು? ಸ್ವಲ್ಪ ಜೋರಾಗಿ ಮಾತಾಡಿ.”

ಯಜಮಾನರು ಗಾಳಿಯಲ್ಲಿ ಎರಡೂ ಕೈ ಬಡಿದರು. ಅತ್ತೆ ತುಟಿ ಕಚ್ಚಿಕೊಂಡರು. ಯಂತ್ರ ಮಾತ್ರ ಏನೂ ಆಗದವರಂತೆ ಹಿಂದಿನ ಎರಡು ಸ್ಪೀಕರುಗಳನ್ನೂ ಮುಗಿಸಿ, ಅಳತೆ ಯಶಸ್ವಿಯಾಗಿದೆ ಎಂದು ಪರದೆಯ ಮೇಲೆ ಬರೆಯಿತು. ಮತ್ತೊಮ್ಮೆ ಮಾಡುವುದು ಒಳ್ಳೆಯದಲ್ಲವೇ ಎಂದು ಹೆಂಡತಿ ಕೇಳಿದಳು. ಇಷ್ಟು ಬುದ್ಧಿವಂತ ಯಂತ್ರಕ್ಕೆ ಸ್ಪೀಕರ್ ಯಾವುದು, ಅತ್ತೆ ಯಾವುದು ಎಂದು ತಿಳಿಯುವುದಿಲ್ಲವೇ ಎಂದು ಯಜಮಾನರು ನಕ್ಕರು. ತಿಳಿಯುವುದಿಲ್ಲ ಎಂಬುದು ಮರುದಿನ ತಿಳಿಯಿತು.

ಭಾನುವಾರ ಸಂಜೆ ಟೈಲರ್ ದಂಪತಿ ಕುರ್ಚಿಸಮೇತ ಬಂದರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಂತ್ರದ ಪಕ್ಕದಲ್ಲಿ ಮದುಮಗನಂತೆ ನಿಂತು, ಇಂದಿನಿಂದ ಈ ಮನೆಯಲ್ಲಿ ಮಾತು ಎಂದರೆ ಮಾತು ಎಂದು ಸಾರಿದರು. ಸಿನಿಮಾ ಶುರುವಾಯಿತು. ಮಳೆ ಎಷ್ಟು ಚೆನ್ನಾಗಿ ಸುರಿಯಿತೆಂದರೆ ಟೈಲರ್ ಅವರ ಹೆಂಡತಿ ತಲೆಯೆತ್ತಿ ಸೂರು ನೋಡಿದರು. ನಾಯಕ ಮಳೆಯಲ್ಲಿ ನೆನೆಯುತ್ತಾ ಬಾಗಿಲು ತಟ್ಟಿದ, ಬಾಗಿಲು ತೆರೆಯಿತು, ಅವನು ಬಾಯಿ ತೆರೆದ. ಪಕ್ಕದ ಮನೆಯಲ್ಲಿ ಯಾರೋ ಗುಟ್ಟು ಹೇಳಿಕೊಂಡರು.

ಯಜಮಾನರು ಸದ್ದು ಏರಿಸಿದರು. ಮಳೆ ಪ್ರಳಯವಾಯಿತು, ನಾಯಕ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಹೆಂಡತಿ ಒಮ್ಮೆ ಗಂಡನನ್ನು, ಒಮ್ಮೆ ಯಂತ್ರವನ್ನು ನೋಡಿ ರಿಮೋಟ್ ತೆಗೆದುಕೊಂಡಳು. ಲ್ಯಾಬಿನವಳ ಬೆರಳು ತಾನಾಗಿಯೇ ರಿಪೋರ್ಟ್ ಇದ್ದ ಪುಟಕ್ಕೆ ಹೋಯಿತು. ಪರದೆಯ ಮೇಲೆ ಐದೂ ಸ್ಪೀಕರುಗಳ ಅಳತೆ ಮೂಡಿತು. ನಾಲ್ಕು ನೆಟ್ಟಗಿದ್ದವು. ನಡುವಿನದರ ಮುಂದೆ, ಇದು ಕೇಳುವವರಿಗೆ ಒಂದು ಗೇಣು ದೂರದಲ್ಲಿದೆ, ಅತಿ ಜೋರಾಗಿದೆ, ಆದ್ದರಿಂದ ಇಳಿಸಬಹುದಾದಷ್ಟು ಇಳಿಸಲಾಗಿದೆ ಎಂಬರ್ಥದ ಅಂಕಿಗಳಿದ್ದವು.

“ಟೀವಿ ಅಷ್ಟು ಹತ್ತಿರ ಎಲ್ಲಿದೆ?” ಎಂದಳು ಮಗಳು.

“ಟೀವಿ ಅಲ್ಲಮ್ಮ, ನಿಮ್ಮಜ್ಜಿ” ಎಂದಳು ಹೆಂಡತಿ. “ಸ್ಯಾಂಪಲ್ಲೇ ಕೆಟ್ಟಿದೆ. ಅಮ್ಮನ ದನಿಯನ್ನೇ ಸ್ಪೀಕರ್ ಅಂತ ಅಳೆದುಕೊಂಡು, ಇಲ್ಲಿ ಮಾತು ಜಾಸ್ತಿಯಾಯ್ತು ಅಂತ ಇಳಿಸಿಬಿಟ್ಟಿದೆ. ರೀ, ಹಳೆಯದನ್ನ ತಂದಾಗಲೂ ಹೀಗೇ ಅಳತೆ ಮಾಡಿದ್ರಾ?”

ಯಜಮಾನರು ಉತ್ತರ ಕೊಡುವ ಮುಂಚೆ ಅತ್ತೆಯೇ ಕೊಟ್ಟರು. “ಹೂಂ, ಅವತ್ತೂ ಕಾಲ್ ಬಂದಿತ್ತು. ಅವತ್ತೂ ಆ ಕಡೆಯವರು ಮಾತಾಡಲಿಲ್ಲ.”

ಟೈಲರ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಂತೆ ಮಾಡಿದರು. ಇಷ್ಟು ವರ್ಷ ಯಜಮಾನರು ಹಳೆಯ ಡಬ್ಬದ ಮುಪ್ಪಿನ ಬಗ್ಗೆ ಮಾಡಿದ ಭಾಷಣಗಳೆಲ್ಲ ಕೋಣೆಯಲ್ಲಿ ಸಾಲಾಗಿ ಬಂದು ನಿಂತಂತಾಯಿತು. ಅವರು ಹೊಸದನ್ನು ಮತ್ತೆ ಅಳೆಯೋಣ ಎಂದರು. ಮೊದಲು ಹಳೆಯದನ್ನು ಅಳೆಯಿರಿ ಎಂದು ಹೆಂಡತಿ ತೀರ್ಪು ಕೊಟ್ಟಳು.

ಹಳೆಯದು ಮತ್ತೆ ಗೂಡಿಗೆ ಬಂತು. ಈ ಸಲ ಯಜಮಾನರು ಮುಂಜಾಗ್ರತೆ ವಹಿಸಿದರು. “ಅತ್ತೆ, ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ” ಎಂದರು. ದಯವಿಟ್ಟು ಎಂಬುದನ್ನು ಮುಂದೆ ಸೇರಿಸಿದರೆ ಹಿಂದೆ ಏನನ್ನಾದರೂ ಹೇಳಬಹುದೆಂದು ನಂಬಿದವರು ಅವರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಟ್ರಿಣ್ ಎಂದಾಗ ಅವರ ಭುಜ ಒಮ್ಮೆ ಅದುರಿತು, ಅಷ್ಟೇ. ಅಳತೆ ಮುಗಿದು ಟೀವಿ ಹಾಕಿದರೆ ಮಾತು ಗಂಟೆ ಬಾರಿಸಿದಂತೆ ಕೇಳಿಸಿತು. ಮುದಿಯಾಗಿದ್ದ ಡಬ್ಬ ಒಂದೇ ನಿಮಿಷದಲ್ಲಿ ಹರೆಯಕ್ಕೆ ಮರಳಿತ್ತು. ಹೊಸ ರಿಸೀವರ್ ಮರುದಿನವೇ ತನ್ನ ಪೆಟ್ಟಿಗೆ ಸೇರಿ ಅಂಗಡಿಗೆ ಹೋಯಿತು. ಒಂದು ಹೊಸ ರಿಸೀವರಿನ ಖರ್ಚು ಉಳಿಸಿದ ಕೀರ್ತಿಯನ್ನು ಯಜಮಾನರು ಹಿಂದೆಮುಂದೆ ನೋಡದೆ ತಮ್ಮ ಹೆಸರಿಗೆ ಬರೆದುಕೊಂಡರು.

ಮುಂದಿನ ಭಾನುವಾರ ಎಲ್ಲರಿಗೂ ಎಲ್ಲವೂ ಕೇಳಿಸಿತು. ಅಲ್ಲೇ ಎಡವಟ್ಟಾಯಿತು. ಎಲ್ಲರೂ ಮೆಚ್ಚಿಕೊಂಡಿದ್ದ, ಹಿಂದೆಯೂ ನೋಡಿದ್ದ ಸಿನಿಮಾವನ್ನೇ ಯಜಮಾನರು ಹಾಕಿದ್ದರು. ಅದರ ನಾಯಕ ಧೀರ, ಮಿತಭಾಷಿ ಎಂದು ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು. ನೋಡಿದರೆ ಅವನು ಬಾಯಿಬಡುಕ! ಪ್ರೀತಿಸುತ್ತೇನೆ ಎಂಬುದನ್ನು ಹೇಳಲು ಚಂದ್ರ, ನಕ್ಷತ್ರ, ಸಮುದ್ರ ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದ. ನಾಯಕಿ ಯೋಚನೆ ಮಾಡಿ ಹೇಳ್ತೀನಿ ಎಂದು ಅಂದೇ ಇರಲಿಲ್ಲ. ಅದು ಅತ್ತೆಯ ಮಾತು. ಖಳನಾಯಕನಿಗೆ ಕೊಲ್ಲುವ ಯೋಚನೆಯೇ ಇರಲಿಲ್ಲ, ಅವನು ಜಮೀನಿನ ಬಗ್ಗೆ ಮಾತಾಡುತ್ತಿದ್ದ.

“ಹೋದ ಸಲ ಇವನು ಇಷ್ಟೊಂದು ಮಾತಾಡಿರಲಿಲ್ಲ ಅಲ್ವಾ ಸಾರ್?” ಎಂದರು ಟೈಲರ್. ಅವರ ಹೆಂಡತಿ ಅತ್ತೆಯ ಕಡೆಗೇ ನೋಡುತ್ತಿದ್ದರು. ಅತ್ತೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಮಗಳು ಹೋಗಿ ನೋಡಿದರೆ, ಒಮ್ಮೆ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಅದರ ಮುಂದಿನ ಭಾನುವಾರ ಮೆಟ್ಟಿಲ ಮೇಲೆ ಕುರ್ಚಿಯ ಸದ್ದು ಬರಲಿಲ್ಲ. ಯಜಮಾನರೇ ಇಳಿದು ಹೋಗಿ ಕರೆದರು. ಕೆಲಸ ತುಂಬ ಇದೆ ಎಂದರು ಟೈಲರ್. ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು. ಅದನ್ನು ಯಜಮಾನರು ನೋಡಿದ್ದನ್ನು ನೋಡಿ, ಟೈಲರ್ ಸಂಕೋಚದಿಂದ “ಬರೀ ಸಿನಿಮಾ ಮಾತ್ರ ಆದ್ರೆ ನಮ್ಮ ಟೀವಿ ಸಾಕಲ್ಲ ಸಾರ್” ಎಂದರು.

ಮೆಟ್ಟಿಲು ಹತ್ತುವಾಗ ಯಜಮಾನರಿಗೆ ನಿಜವಾಗಿಯೂ ಸಂಕಟವಾಯಿತು. ಜನ ಬರುತ್ತಿದ್ದುದು ತಮ್ಮ ಸ್ಪೀಕರುಗಳಿಗಲ್ಲ ಎಂಬುದಕ್ಕೆ ಸ್ವಲ್ಪ, ಅತ್ತೆಗೆ ತಾವು ಮಾಡಿದ್ದೇನು ಎಂಬುದಕ್ಕೆ ಬಹಳ. ಒಮ್ಮೆ ಒಂದು ಯಂತ್ರ ಬಂದು ಆಕೆಯ ಬಾಯಿ ಕಟ್ಟಿತ್ತು. ಎರಡನೇ ಸಲ ಅಳಿಯ ಕಟ್ಟಿದ. ಮನೆಗೆ ಬಂದು ಹೆಂಡತಿಗೆ ಹೇಳಿದರು. ನಡುವಿನ ಸ್ಪೀಕರಿನ ಸದ್ದನ್ನು ರಿಮೋಟಿನಲ್ಲೇ ಇಳಿಸಿದರಾಯಿತಲ್ಲ ಎಂದಳು ಮಗಳು. ಯಜಮಾನರಿಗೆ ಅದು ಸರಿ ಕಾಣಲಿಲ್ಲ. ಅತ್ತೆಯನ್ನು ಯಂತ್ರದ ಲೆಕ್ಕದಿಂದ ತೆಗೆದದ್ದು ಅಳತೆ ಮಾಡಿಯೇ, ಮತ್ತೆ ಸೇರಿಸುವುದೂ ಅಳತೆ ಮಾಡಿಯೇ ಆಗಬೇಕು ಎಂದರು. ಕೆಳಗೆ ಹೇಳಿಕಳಿಸಿದರು. ಟೈಲರ್ ದಂಪತಿ ಕುರ್ಚಿಗಳೊಂದಿಗೆ ಎಷ್ಟು ಬೇಗ ಬಂದರೆಂದರೆ, ಬಾಗಿಲ ಹಿಂದೆಯೇ ಕಾದಿದ್ದರೋ ಏನೋ.

ಅತ್ತೆಯನ್ನು ಕರೆತಂದು ಸೋಫಾದ ನಡುವೆ ಕೂರಿಸಿದರು. ಮೈಕನ್ನು ಗಲ್ಲದ ಪಕ್ಕ ನಿಲ್ಲಿಸಿದರು. ಎಡಗಡೆ ಟ್ರಿಣ್, ಬಲಗಡೆ ಟ್ರಿಣ್, ಎದುರಿನಿಂದ ಟ್ರಿಣ್. ಅತ್ತೆ ತುಟಿ ಬಿಗಿದುಕೊಂಡು ಗೋಡೆ ನೋಡಿದರು. ಅಳತೆ ಯಶಸ್ವಿ ಎಂದಿತು ಡಬ್ಬ. ಯಜಮಾನರು ಮತ್ತೆ ಶುರು ಮಾಡಿದರು. ಮತ್ತೆ ಯಶಸ್ವಿ.

“ಅತ್ತೆ, ಕಾಲ್ ಬರ್ತಿದೆ. ತಗೊಳ್ಳಿ.”

“ಬಾಯಿ ಮುಚ್ಚಿಕೊಂಡಿರಿ ಅಂದೋರು ಯಾರು?”

“ನಾನೇ. ತಪ್ಪಾಯ್ತು.” ಎಲ್ಲರ ಎದುರು, ಇಸ್ತ್ರಿ ಇಲ್ಲದ ಅಂಗಿಯಲ್ಲಿ, ಅವರು ತಲೆ ತಗ್ಗಿಸಿ ನಿಂತರು. “ನೀವಿಲ್ಲದೆ ಇದರಲ್ಲಿ ಒಂದು ಸಿನಿಮಾನೂ ನೋಡೋಕಾಗಲ್ಲ ಅತ್ತೆ. ಮಾತಾಡಿ.”

ಅತ್ತೆ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡರು, ಬೆನ್ನು ನೇರ ಮಾಡಿದರು, ಶುರು ಮಾಡಿ ಎಂಬಂತೆ ಕಣ್ಣಲ್ಲೇ ಸೂಚಿಸಿದರು. ಎಡಗಡೆ ಮುಗಿಯಿತು, ಬಲಗಡೆ ಮುಗಿಯಿತು. ಎದುರಿನಿಂದ ಟ್ರಿಣ್ ಎಂದಿತು.

“ಹಲೋ, ಎಕ್ಸ್‌ಚೇಂಜ್” ಎಂದರು ಅತ್ತೆ. ಆ ದನಿಗೆ ಕಿಟಕಿಯ ಗಾಜೂ ಅದುರಿತು.

ಯಜಮಾನರಿಗೆ ಸಂತೋಷ ತಡೆಯಲಾಗಲಿಲ್ಲ. ಟೈಲರ್ ಕಡೆ ಬಾಗಿ, ಈಗ ಹಿಂದಿನ ಎಡಗಡೆ ಸ್ಪೀಕರಿನಿಂದ ಹೇಗೆ ಬರುತ್ತದೆ ಗಮನಿಸಿ, ಅದರಲ್ಲೊಂದು ವಿಶೇಷವಿದೆ ಎಂದು ಶುರು ಮಾಡಿದರು. ಅತ್ತೆ ತಿರುಗಿಯೂ ನೋಡಲಿಲ್ಲ. ಅದೇ ಕಚೇರಿಯ ದನಿಯಲ್ಲಿ, ಮೈಕಿಗೇ ಹೇಳಿದರು:

“ಯಾರೋ ನಡುವೆ ಮಾತಾಡ್ತಿದ್ದಾರೆ. ದಯವಿಟ್ಟು ಲೈನ್ ಬಿಡಿ.”

ಯಜಮಾನರು ಲೈನ್ ಬಿಟ್ಟರು.